ಇಟಲಿಯ ಸೂಪಿಗೆ ಎರಡು ಚಮಚ ಕಾಚಂಪುಳಿ

೧೯೫೮ರ ಜನವರಿ ಇಪ್ಪತ್ತಮೂರು, ಗುರುವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಕಲ್ಲುಗುಂಡಿಯ ಜತ್ತಪ್ಪ ಗೌಡರು ಪಯಸ್ವಿನಿ ಹೊಳೆಯಲ್ಲಿ ಮೊಣಕಾಲು ನೀರಿಗೆ ಇಳಿದು ಹಂದಿಯ ಕರುಳನ್ನು ಮಗುಚಿ ತೊಳೆಯುತ್ತಿದ್ದರು. ಕರುಳು ಒಂಬತ್ತು ಮೊಳ ಇತ್ತು. ಮೊದಲು ಬರಿ ನೀರು, ಆಮೇಲೆ ಉಪ್ಪು, ಆಮೇಲೆ ನಿಂಬೆಹಣ್ಣು, ಮತ್ತೆ ನೀರು. ಬೆಳಕು ಸರಿಯಾಗಿ ಹರಿಯದ ಹೊತ್ತನ್ನು ಅವರು ಬೇಕೆಂದೇ ಆರಿಸಿಕೊಂಡಿದ್ದರು. ಅಷ್ಟಾಗಿಯೂ ರಸ್ತೆಬದಿಯಲ್ಲಿ ಜಿನಸಿನ ಅಂಗಡಿ ಇಟ್ಟ ತ್ಯಾಂಪಣ್ಣ ರೈಗಳು ಚೆಂಬು ಹಿಡಿದುಕೊಂಡು ಅದೇ ಕಡವಿಗೆ ಬಂದರು. ನೋಡಿದರು. ಏನೂ ಕೇಳದೆ ಹಿಂದಿರುಗಿದರು. ಕೇಳದೆ ಹೋಗುವುದು ರೈಗಳ ಅಭ್ಯಾಸವಲ್ಲವಾದ್ದರಿಂದ ಗೌಡರಿಗೆ ಅದು ಒಳ್ಳೆಯದಾಗಿ ಕಾಣಲಿಲ್ಲ.

ಹಿಂದಿನ ಸಂಜೆಯೇ ಅರ್ಧ ಮರ್ಯಾದೆ ಹೋಗಿತ್ತು. ನೆರೆಯ ಅಚ್ಚುತನ ಅಂಗಳದಲ್ಲಿ ಹಂದಿ ಕಡಿದು, ಹನ್ನೊಂದು ಬಾಳೆಲೆಯ ಮೇಲೆ ಹನ್ನೊಂದು ಪಾಲು ಇಟ್ಟಿದ್ದರು. ಇಟಲಿಗೆ ಹೋಗಿ ಯುದ್ಧ ಮಾಡಿ ಬಂದವರೆಂದು ಜತ್ತಪ್ಪ ಗೌಡರಿಗೆ ಮೊದಲ ಪಾಲು, ಕೊಬ್ಬು ಹೆಚ್ಚಿದ್ದ ಪಾಲು. ಕರುಳು ಮಾತ್ರ ಯಾರ ಪಾಲಿಗೂ ಇಲ್ಲ, ಅದು ನಾಯಿಗಳಿಗೆ. ಊರಲ್ಲಿ ಲಾಗಾಯ್ತಿನಿಂದ ನಡೆದುಬಂದ ಕ್ರಮ. ಗೌಡರು ಪಾಲು ಕಟ್ಟಿಸಿಕೊಂಡು, ಹೊರಡುವ ಹೊತ್ತಿಗೆ ಸ್ವರ ತಗ್ಗಿಸಿ ಕರುಳನ್ನೂ ಕೇಳಿದರು. ಅಚ್ಚುತ ಅವರನ್ನು ಸ್ವಲ್ಪ ಬದಿಗೆ ಕರೆದುಕೊಂಡು ಹೋಗಿ, "ಭಾವ, ಮನೆಯಲ್ಲಿ ಎಂತಾದ್ರೂ ತಾಪತ್ರಯ ಉಂಟಾ? ಇದ್ರೆ ಹೇಳಿ, ನನ್ನ ಪಾಲೂ ತಕೊಂಡು ಹೋಗಿ" ಎಂದ. ಗೌಡರು ನಾಯಿಗೆ ಎಂದು ಹೇಳಿ ತಪ್ಪಿಸಿಕೊಂಡರು. ಅವರ ಮನೆಯಲ್ಲಿ ನಾಯಿ ಇರಲಿಲ್ಲ. ಅದು ಅಲ್ಲಿದ್ದ ಉಳಿದ ಹತ್ತು ಮನೆಯವರಿಗೂ ಗೊತ್ತಿತ್ತು.

ಇಷ್ಟಕ್ಕೆಲ್ಲ ಕಾರಣ ಒಂದು ಕಾರ್ಡು. ಮಡಿಕೇರಿ ಕಡೆಯ ಸುಬೇದಾರ್ ಕುಶಾಲಪ್ಪನವರು, ಇಟಲಿಯಲ್ಲಿ ಗೌಡರಿದ್ದ ಕಂಪನಿಯವರೇ, ನಿವೃತ್ತಿಯಾದ ಮೇಲೆ ಪುತ್ತೂರಿನ ನೆಂಟರ ಮನೆಗೆ ಹೊರಟಿದ್ದರು. ಜನವರಿ ಇಪ್ಪತ್ತಾರರ ಆದಿತ್ಯವಾರ ಹನ್ನೊಂದರ ಬಸ್ಸಿನಲ್ಲಿ ಬಂದು ಕಲ್ಲುಗುಂಡಿಯಲ್ಲಿ ಇಳಿಯುತ್ತೇನೆ, ಮಧ್ಯಾಹ್ನ ನಿನ್ನಲ್ಲಿ ಊಟ, ಆ ಚಳಿಗಾಲದಲ್ಲಿ ಮಾಡಿ ಹಾಕಿದ ಸೂಪು ಮಾಡಿಡು, ಬೇರೆ ಏನೂ ಬೇಡ ಎಂದು ಬರೆದಿದ್ದರು. ಕಾರ್ಡನ್ನು ಅಂಚೆಯವನು ಓದಿರಲಿಕ್ಕಿಲ್ಲ ಎಂದು ಗೌಡರು ನಂಬಿಕೊಂಡರು. ನಂಬದೆ ಬೇರೆ ದಾರಿ ಇರಲಿಲ್ಲ.

ಸಂಗತಿ ಏನೆಂದರೆ, ಜತ್ತಪ್ಪ ಗೌಡರು ಯುದ್ಧಕ್ಕೆ ಹೋದದ್ದು ನಿಜ, ಇಟಲಿಯಲ್ಲಿ ಹದಿನೆಂಟು ತಿಂಗಳು ಇದ್ದದ್ದೂ ನಿಜ. ಹೋದದ್ದು ಅಡಿಗೆಯವರಾಗಿ. ಊರಿಗೆ ಬಂದ ಮೇಲೆ ಅವರು ಒಂದೇ ಒಂದು ಸುಳ್ಳನ್ನೂ ಹೇಳಿರಲಿಲ್ಲ. ನಲವತ್ತಾರರಲ್ಲಿ ತ್ಯಾಂಪಣ್ಣ ರೈಗಳು ಅಂಗಡಿಯ ಬೆಂಚಿನಲ್ಲಿ ಕೂರಿಸಿ, "ಅಲ್ಲಿ ಕೋವಿ ಎಲ್ಲ ದೊಡ್ಡದು ಅಲ್ವಾ ಗೌಡ್ರೆ?" ಎಂದಾಗ ದೊಡ್ಡದು ಎಂದಿದ್ದರು. ಕೋವಿಗಳು ದೊಡ್ಡವೇ ಇದ್ದವು. ಎಡಗೈಯ ಸುಟ್ಟ ಕಲೆಯನ್ನು ತೋರಿಸಿ ಇದು ಬಾಂಬಿನದ್ದಾ ಎಂದು ಯಾರೋ ಕೇಳಿದಾಗ ಗೌಡರು ಆಕಾಶ ನೋಡಿದ್ದರು. ಅದು ಪೂರಿ ಕರಿಯುವ ಎಣ್ಣೆಯದ್ದು. ಉಳಿದದ್ದನ್ನು ರೈಗಳೇ ಕಟ್ಟಿದರು. ಹನ್ನೆರಡು ವರ್ಷದಲ್ಲಿ ಅದು ಪದರ ಪದರವಾಗಿ ಬೆಳೆದು, ಶಾಲೆಯಲ್ಲಿ ಆಗಸ್ಟ್ ಹದಿನೈದಕ್ಕೂ ಜನವರಿ ಇಪ್ಪತ್ತಾರಕ್ಕೂ ಧ್ವಜ ಏರಿಸುವುದು ಜತ್ತಪ್ಪ ಗೌಡರೇ ಎಂಬಲ್ಲಿಗೆ ಬಂದು ನಿಂತಿತ್ತು. ಈಗ ಅದೇ ಇಪ್ಪತ್ತಾರಕ್ಕೆ, ಧ್ವಜ ಏರಿಸಿದ ಮೂರು ಗಂಟೆಯ ಒಳಗೆ, ತನ್ನನ್ನು ಒಲೆಯ ಮುಂದೆ ಮಾತ್ರ ಕಂಡ ಮನುಷ್ಯ ಊರಿನ ನಡುರಸ್ತೆಯಲ್ಲಿ ಬಸ್ಸಿಳಿಯುವವನಿದ್ದ. ಅವನು ಬಾಯಿ ತೆರೆದರೆ ಹನ್ನೆರಡು ವರ್ಷ ಹೋಯಿತು.

ಬರಬೇಡಿ ಎನ್ನುವ ಹಾಗಿಲ್ಲ. ಅನ್ನ ಕೇಳಿಕೊಂಡು ಬರುವವರಿಗೆ ಇಲ್ಲ ಎಂದ ಮನೆ ಅದಲ್ಲ. ಹಾಗಾಗಿ ಗೌಡರು ಒಂದು ಉಪಾಯ ಮಾಡಿದರು. ಸೂಪು ಆಗಬೇಕು, ಆದರೆ ಮಾಡಿದ್ದು ಹೆಂಡತಿ ದೇವಮ್ಮ ಎಂದಾಗಬೇಕು. ಬಸ್ಸಿನಿಂದ ಮನೆಗೆ ನಡೆಯುವ ಅರ್ಧ ಫರ್ಲಾಂಗಿನಲ್ಲಿ ಸುಬೇದಾರರ ಕಿವಿಯಲ್ಲಿ ಒಂದು ಮಾತು ಹಾಕಿದರೆ ಕೆಲಸ ಮುಗಿಯಿತು.

ದೇವಮ್ಮನಿಗೆ ಅವರು ಹೇಳಿದ್ದು, ಪಟಾಲಮಿನಲ್ಲಿ ಎಲ್ಲರೂ ಪಾಳಿ ಪ್ರಕಾರ ಅಡಿಗೆ ಮಾಡಬೇಕಾಗುತ್ತಿತ್ತು, ಹಾಗೆ ಕಲಿತದ್ದು ಎಂದು. ದೇವಮ್ಮ ಅವರ ಕೈಯನ್ನು ನೋಡುತ್ತಿದ್ದರು. ಮೂರು ರಾತಲು ಮಾಂಸ, ಅದರ ಕಾಲು ಭಾಗ ಕೊಬ್ಬು. ಗೌಡರು ಮೆಟ್ಟುಕತ್ತಿಯನ್ನು ಬದಿಗಿಟ್ಟು ಚೂರಿ ಹಿಡಿದು ಒಂದೇ ಸಮನೆ ಸಣ್ಣಗೆ ಕೊಚ್ಚಿದರು. ಬೆಳ್ಳುಳ್ಳಿ, ಕಾಳುಮೆಣಸು, ತರಿತರಿ ಕುಟ್ಟಿದ ಒಣಮೆಣಸು, ಬಡೇಸೋಂಪು. ಉಪ್ಪನ್ನು ಅಳತೆ ಇಲ್ಲದೆ ಹಾಕಿದರು. ಒಂದು ಚೂರನ್ನು ಕೆಂಡಕ್ಕೆ ಹಿಡಿದು ಬೇಯಿಸಿ ನೋಡಿದರೆ ಸರಿಯಾಗಿಯೇ ಇತ್ತು. ಓಟೆಬಿದಿರಿನ ಕೊಳವೆಗೆ ಕರುಳನ್ನು ಸಿಕ್ಕಿಸಿ ಹೆಬ್ಬೆರಳಿನಿಂದ ಮಾಂಸವನ್ನು ದೂಡಿ ತುಂಬಿ, ಗೇಣಿಗೊಂದರಂತೆ ಹುರಿ ಕಟ್ಟಿದರು. ಗಾಳಿ ಉಳಿದಲ್ಲಿ ಸೂಜಿ ಚುಚ್ಚಿದರು. ಹದಿನಾರು ಕಟ್ಟು ಸಾಸೇಜು ಆಯಿತು. ಒಲೆಯ ಮೇಲೆ ಮಾಂಸ ಒಣಗಿಸುವ ಅಟ್ಟದಲ್ಲಿ ಮೂರು ದಿನದ ಹೊಗೆಗೆ ತೂಗಿಬಿಟ್ಟರು.

ದೇವಮ್ಮ ಕೊನೆಗೆ ಹೇಳಿದರು: "ನಿಮ್ಮ ಪಾಳಿ ಮಾತ್ರ ಸ್ವಲ್ಪ ಜಾಸ್ತಿ ಬರ್ತಿತ್ತು ಅಂತ ಕಾಣ್ತದೆ."

ಗೌಡರು ಒಲೆಗೆ ಒಂದು ಹಸಿ ಕಟ್ಟಿಗೆ ದೂಡಿದರು.

ಅವರಿಗೆ ಆ ಸೂಪನ್ನು ಕಲಿಸಿದ್ದು ಇಟಲಿಯ ಬೆಟ್ಟದೂರಿನ ಒಬ್ಬ ಮುದುಕಿ. ನಲವತ್ತನಾಲ್ಕರ ಡಿಸೆಂಬರಿನಲ್ಲಿ ಕಂಪನಿಯ ಅಡಿಗೆಮನೆ ಅವಳ ಕೊಟ್ಟಿಗೆಯಲ್ಲಿತ್ತು. ಅವಳಲ್ಲಿ ಹೊಗೆಗಂಡಿಯಲ್ಲಿ ತೂಗಿದ ಸಾಸೇಜು, ಬಟಾಟೆ, ಹಿತ್ತಿಲಲ್ಲಿ ಹಿಮ ಬಿದ್ದರೂ ಬಾಡದ ಸುಕ್ಕುಸುಕ್ಕು ಕಪ್ಪುಹಸಿರು ಸೊಪ್ಪು, ಇವರಲ್ಲಿ ಡಬ್ಬಿಹಾಲು. ಎರಡು ಕಡೆಯದ್ದೂ ಸೇರಿ ಒಂದು ಪಾತ್ರೆ ಆಯಿತು. ಒಬ್ಬರ ಭಾಷೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ತಪ್ಪು ಮಾಡಿದರೆ ಅವಳು ಸೌಟಿನಿಂದ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದಳು. ಹಾಗಾಗಿ ಪಾಠ ಬೇಗ ಹತ್ತಿತು.

ಕಲ್ಲುಗುಂಡಿಯಲ್ಲಿ ಆ ಸೊಪ್ಪು ಇಲ್ಲ. ಹರಿವೆ ಕರಗಿಹೋಗುತ್ತದೆ, ಬಸಳೆ ಲೋಳೆಯಾಗುತ್ತದೆ. ಗೌಡರು ಯೋಚಿಸಿ, ಮಡಿಕೇರಿ ಬಸ್ಸಿನ ಕಂಡಕ್ಟರಿಗೆ ಹೇಳಿ ಎರಡು ಕ್ಯಾಬೇಜು ತರಿಸಿದರು. ಬಿಳಿಯ ಗಡ್ಡೆಯನ್ನು ಪಲ್ಯಕ್ಕೆ ಬಿಟ್ಟು, ಎಲ್ಲರೂ ದನಕ್ಕೆ ಹಾಕುವ ಹೊರಗಿನ ಗಟ್ಟಿ ಹಸಿರು ಎಲೆಗಳನ್ನು ಸೂಪಿಗೆ ಇಟ್ಟುಕೊಂಡರು. ಕರುಳಿನ ಸುದ್ದಿ ಆಗಲೇ ಹಬ್ಬಿತ್ತು. ಈಗ ದನದ ಪಾಲಿಗೂ ಕೈಹಾಕಿದ್ದಾರೆ ಎಂಬುದು ಸೇರಿಕೊಂಡಿತು. ಶನಿವಾರ ಅಚ್ಚುತನ ಮನೆಯಿಂದ ಒಂದು ಕಳಸಿಗೆ ಅಕ್ಕಿ ಬಂತು, ಕಾರಣ ಹೇಳದೆ.

ಆದಿತ್ಯವಾರ ಬೆಳಿಗ್ಗೆ ಆರಕ್ಕೆ ಗೌಡರು ಒಲೆ ಹಿಡಿಸಿದರು. ಸಾಸೇಜನ್ನು ತುಂಡು ಮಾಡಿ ಅದರದ್ದೇ ಕೊಬ್ಬಿನಲ್ಲಿ ಕೆಂಪಗೆ ಹುರಿದು ತೆಗೆದಿಟ್ಟು, ಆ ಕೊಬ್ಬಿಗೆ ನೀರುಳ್ಳಿ, ಬೆಳ್ಳುಳ್ಳಿ, ಆಮೇಲೆ ಎಲುಬು ಬೇಯಿಸಿದ ನೀರು, ಬಿಲ್ಲೆಬಿಲ್ಲೆಯಾಗಿ ಕೊಯ್ದ ಬಟಾಟೆ. ಬಟಾಟೆ ಬೆಂದ ಮೇಲೆ ಸೊಪ್ಪು. ಕೊನೆಗೆ ಪಾತ್ರೆಯನ್ನು ಕೆಂಡಕ್ಕೆ ಇಳಿಸಿ ಎರಡು ಸೇರು ಎಮ್ಮೆಹಾಲು, ಅದರ ಮೇಲೆ ಒಂದು ಕುಡ್ತೆ ಕೆನೆ. ಏಳೂ ಮುಕ್ಕಾಲಿಗೆ ಸೂಪು ದಂತದ ಬಣ್ಣಕ್ಕೆ ಬಂದು, ಸೌಟಿನ ಬೆನ್ನಿಗೆ ಅಂಟಿ ನಿಂತಿತು. ದೇವಮ್ಮನಿಗೆ ಮೂರು ಮಾತು ಹೇಳಿದರು: ಕುದಿಯಲು ಬಿಡಬೇಡ, ಮುಚ್ಚಳ ಪೂರ್ತಿ ಹಾಕಬೇಡ, ಯಾರು ಕೇಳಿದರೂ ನೀನೇ ಮಾಡಿದ್ದು. ನಾಲ್ಕನೆಯದನ್ನು ಹೇಳಲು ಅವರಿಗೆ ಹೊಳೆಯಲಿಲ್ಲ. ಅಂಗಿ ಹಾಕಿಕೊಂಡು ಧ್ವಜ ಏರಿಸಲು ಹೋದರು.

ಹತ್ತೂವರೆಗೆ ದೇವಮ್ಮ ಒಂದು ಸೌಟು ರುಚಿ ನೋಡಿದರು. ಕಾಯಿಲೆಯವರ ಗಂಜಿಯ ಹಾಗಿತ್ತು. ಖಾರ ಉಂಟು, ಉಪ್ಪು ಉಂಟು, ಹುಳಿಯೇ ಇಲ್ಲ. ಹುಳಿ ಇಲ್ಲದ ಹಂದಿ ಮಾಂಸ ಆ ಸೀಮೆಯ ಯಾವ ಮನೆಯಲ್ಲೂ ಎಲೆಗೆ ಬೀಳುವುದಿಲ್ಲ. ಅದು ಮರೆವು ಎಂದೇ ಲೆಕ್ಕ. ತಾನು ಮಾಡಿದ್ದೆಂದು ಹೇಳಬೇಕಾದ ಅಡಿಗೆಯಲ್ಲಿ ಹುಳಿ ಬಿಟ್ಟರೆ ನಾಳೆ ಮಾತು ಕೇಳುವವರು ಯಾರು? ಹುಳಿಹಣ್ಣಿನ ರಸ ಕಪ್ಪಗೆ ಕುದಿಸಿಟ್ಟ ಕಾಚಂಪುಳಿಯ ಕುಪ್ಪಿಯನ್ನು ತೆಗೆದು ಎರಡು ಚಮಚ ಹಾಕಿ, ಚೆನ್ನಾಗಿ ಕೂಡಲೆಂದು ಒಲೆಗೆ ಇನ್ನೆರಡು ಕಟ್ಟಿಗೆ ದೂಡಿದರು.

ಹಾಲಿನ ಸ್ವಭಾವ ಎಲ್ಲ ದೇಶದಲ್ಲೂ ಒಂದೇ. ಒಂದು ಮಿತಿ ದಾಟಿ ಹುಳಿ ಬಿದ್ದರೆ ಅದರ ಸತ್ವ ಗಂಟುಕಟ್ಟಿ ನೀರಿನಿಂದ ಬೇರಾಗುತ್ತದೆ. ಬಿಸಿ ಇದ್ದರೆ ಇನ್ನೂ ಬೇಗ. ಕೈಗುಣ, ಮುನ್ನೆಚ್ಚರಿಕೆ, ಪ್ರೀತಿ ಯಾವುದೂ ಅಲ್ಲಿ ನಡೆಯುವುದಿಲ್ಲ.

ಇತ್ತ ಬಸ್ಸು ಹನ್ನೊಂದಕ್ಕೆ ಬರುವ ಬದಲು ಹತ್ತೂ ನಲವತ್ತಕ್ಕೇ ಬಂದುಬಿಟ್ಟಿತ್ತು. ಗೌಡರು ಶಾಲೆಯಿಂದ ಬರುವಾಗ ಸುಬೇದಾರರು ತ್ಯಾಂಪಣ್ಣ ರೈಗಳ ಬೆಂಚಿನಲ್ಲಿ ಕುಳಿತು ಸೋಡ ಕುಡಿಯುತ್ತಿದ್ದರು. ಸುತ್ತ ಹೆಡ್ಮಾಸ್ತರರು, ಅಚ್ಚುತ, ಇನ್ನೂ ಆರೇಳು ಜನ. ಕಿವಿಯಲ್ಲಿ ಮಾತು ಹಾಕಲು ಕಿವಿಯ ಹತ್ತಿರವೇ ಜಾಗ ಇರಲಿಲ್ಲ. ರೈಗಳು ಗೌಡರ ಎಡಗೈಯನ್ನು ಸ್ವಂತ ಆಸ್ತಿಯ ಹಾಗೆ ಎತ್ತಿ ತೋರಿಸಿದರು.

"ಇದು ಯಾವ ಬಾಂಬಿನದ್ದು ಸುಬೇದಾರ್ರೆ? ಇವರು ಸಾಧು, ಬಾಯಿ ಬಿಡುದಿಲ್ಲ."

ಸುಬೇದಾರರು ಕಲೆಯನ್ನು ನೋಡಿದರು, ಗೌಡರ ಮುಖವನ್ನು ನೋಡಿದರು. ಸೋಡದ ಕುಪ್ಪಿಯನ್ನು ನಿಧಾನಕ್ಕೆ ಕೆಳಗಿಟ್ಟರು.

"ನೆನಪುಂಟು. ಆವತ್ತು ಭಾರೀ ಬಿಸಿ ಇತ್ತು" ಎಂದರು. ಎದ್ದು ನಿಂತು, ಹಸಿವಾಗ್ತದೆ ಮಾರಾಯ ಎಂದು ಗೌಡರ ಹೆಗಲಿಗೆ ಕೈ ಹಾಕಿದರು.

ಗೌಡರು ಮನೆಯ ಕಡೆ ಬಿರಬಿರನೆ ನಡೆದರು. ಕೇಳಿಕೊಳ್ಳದೆಯೇ ಕೆಲಸ ಆಗಿತ್ತು. ಅವರ ಹಿಂದೆ ಇಡೀ ಬೆಂಚು ಎದ್ದು ಅಂಗಳಕ್ಕೆ ಬಂದದ್ದೂ ಅವರಿಗೆ ಭಾರವೆನಿಸಲಿಲ್ಲ.

ದೇವಮ್ಮ ಸುಬೇದಾರರಿಗೆ ಚಾವಡಿಯಲ್ಲಿ ಬಟ್ಟಲು ತಂದಿಟ್ಟರು. ಬಟ್ಟಲಲ್ಲಿ ತೆಳ್ಳಗಿನ ಬೂದುಬಣ್ಣದ ನೀರು; ಅದರ ಮೇಲೆ ಅವಲಕ್ಕಿಯಂಥ ಬಿಳಿ ಚೂರು, ಎಣ್ಣೆಯ ಬಳೆಗಳು. ಸುಬೇದಾರರು ಒಂದು ಚಮಚ ಬಾಯಿಗಿಟ್ಟರು. ಮತ್ತೊಂದು ಚಮಚ ಎತ್ತಲಿಲ್ಲ.

ತ್ಯಾಂಪಣ್ಣ ರೈಗಳು ನೆರವಿಗೆ ಬಂದರು. ಬೇಸರ ಮಾಡಬೇಡಿ, ನಮ್ಮ ಹೆಂಗಸರಿಗೆ ಇಟಲಿಯ ಅಡಿಗೆ ಎಲ್ಲಿಂದ ಬರಬೇಕು, ದೇವಮ್ಮಕ್ಕ ಗಂಜಿ ಬೇಯಿಸಿದವರು ಎಂದು ನಕ್ಕರು. ಅಂಗಳದಲ್ಲಿ ಎರಡು ಮೂರು ಜನ ನಕ್ಕರು. ದೇವಮ್ಮ ಬಾಗಿಲ ದಾರಂದಕ್ಕೆ ಒರಗಿ ನಿಂತಿದ್ದರು. ನೀವೇ ಮಾಡಿದ್ದಲ್ಲವೇ ಎನ್ನಲಿಲ್ಲ. ಕೊಟ್ಟ ಮಾತಿನಂತೆ, ತಾನೇ ಮಾಡಿದ್ದು ಎಂದರು.

ಅಲ್ಲಿಗೆ ಗೌಡರು ಗೆದ್ದಿದ್ದರು. ಸುಬೇದಾರರು ಮುಚ್ಚಿಟ್ಟರು, ಹೆಂಡತಿ ಹೊತ್ತುಕೊಂಡರು. ಅವರು ಮಾಡಬೇಕಾಗಿದ್ದದ್ದು ಹನ್ನೆರಡು ವರ್ಷ ಮಾಡಿದ್ದೇ: ಆಕಾಶ ನೋಡುವುದು. ನೋಡಿದರು ಕೂಡ, ಒಂದೆರಡು ಕ್ಷಣ. ಆಮೇಲೆ ಧ್ವಜಕ್ಕೆಂದು ಹಾಕಿದ ಇಸ್ತ್ರಿಯ ಅಂಗಿಯನ್ನು ಬಿಚ್ಚಿ ಕಂಬದ ಮೊಳೆಗೆ ಸಿಕ್ಕಿಸಿ, ಬಟ್ಟಲು ಎತ್ತಿಕೊಂಡು ಒಳಗೆ ಹೋದರು.

ಅಡಿಗೆಮನೆಯ ಬಾಗಿಲಲ್ಲಿ ಜನ ಸೇರಿದರು. ಗೌಡರು ಪಾತ್ರೆಯನ್ನು ಒಲೆಯಿಂದ ಇಳಿಸಿ, ಸಾಸೇಜಿನ ತುಂಡು, ಸೊಪ್ಪು, ಬಟಾಟೆಯನ್ನು ಜಾಲರಿ ಸೌಟಿನಿಂದ ಎತ್ತಿ ಬಿಸಿನೀರಲ್ಲಿ ಒಮ್ಮೆ ಅದ್ದಿ ತೆಗೆದರು. ಒಡೆದ ಹಾಲನ್ನು ಹೊರಗೆ ಚೆಲ್ಲಿಸಿದರು. ಅಚ್ಚುತನಿಗೆ ಎರಡು ತೆಂಗಿನಕಾಯಿ ತುರಿಯಲು ಹೇಳಿದರು. ಅಚ್ಚುತ ಯಾಕೆಂದು ಕೇಳದೆ ಕೂತು ತುರಿದ. ಹೆಡ್ಮಾಸ್ತರರು ಕಟ್ಟಿಗೆ ಹಿಂದಕ್ಕೆ ಎಳೆದರು. ಉಳಿದ ಎಲುಬಿನ ನೀರಿಗೆ ಅರ್ಧ ಬಟಾಟೆಯನ್ನು ಹಿಚುಕಿ ಹಾಕಿ ಗಟ್ಟಿ ಮಾಡಿ, ಅದಕ್ಕೆ ದಪ್ಪ ಕಾಯಿಹಾಲು ಹೊಯ್ದು, ಅದ್ದಿ ತೆಗೆದ ತುಂಡುಗಳನ್ನು ಮತ್ತೆ ಬಿಟ್ಟರು. ಹುಳಿಯ ವಾಸನೆ ಉಳಿದಿದ್ದರೂ ಕಾಯಿಹಾಲು ತಡೆದುಕೊಳ್ಳುತ್ತದೆ. ಅವರು ಬಲಗೈಯಲ್ಲಿ ತಿರುವುತ್ತ, ಎಡಗೈಯಲ್ಲಿ ಉಪ್ಪು ಉದುರಿಸುತ್ತ, ಯಾವುದನ್ನೂ ಹುಡುಕದೆ, ಯಾವುದಕ್ಕೂ ಎರಡು ಸಲ ಕೈ ಚಾಚದೆ ಕೆಲಸ ಮಾಡಿದರು. ಇಪ್ಪತ್ತೆರಡು ನಿಮಿಷ. ಆ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತ ಯಾರಿಗೂ ಯುದ್ಧದ ಬಗ್ಗೆ ಕೇಳಲು ಏನೂ ಉಳಿಯಲಿಲ್ಲ.

ಸುಬೇದಾರರು ಮೂರು ಬಟ್ಟಲು ಕುಡಿದರು. ಕಾಯಿಹಾಲಿನ ಸೂಪು ಇಟಲಿಯದ್ದಕ್ಕಿಂತ ಒಂದು ಕೈ ಮೇಲು ಎಂದರು. ಅದು ನಿಜವೋ ಸೌಜನ್ಯವೋ, ಮೂರು ಬಟ್ಟಲಂತೂ ನಿಜ. ದೇವಮ್ಮ ಒಂದು ಬಟ್ಟಲು ತಿಂದು, ಈಗ ಹುಳಿ ಹದವಾಗಿದೆ ಎಂದರು.

ಆ ವರ್ಷ ಆಗಸ್ಟಿನಲ್ಲಿ ಶಾಲೆಯ ಧ್ವಜವನ್ನು ತ್ಯಾಂಪಣ್ಣ ರೈಗಳು ಏರಿಸಿದರು. ಅವರು ಮಂಗಳೂರಿನಿಂದ ಆಚೆಗೆ ಹೋದವರಲ್ಲ. ಜತ್ತಪ್ಪ ಗೌಡರನ್ನು ಸಂಪಾಜೆಯಿಂದ ಆಲೆಟ್ಟಿಯವರೆಗೆ ಮದುವೆಯ ಮಾಂಸದಡಿಗೆಗೆ ಕರೆಯತೊಡಗಿದರು. ಹಂದಿ ಕಡಿದಲ್ಲಿ ಮೊದಲ ಪಾಲು ಮುಂದೆ ಅವರಿಗೆ ಸಿಗಲಿಲ್ಲ. ಕರುಳು ಮಾತ್ರ ತೊಳೆದು ಮನೆಗೇ ಬರುತ್ತಿತ್ತು. ಅವರು ಅರುವತ್ತೇಳನೇ ಇಸವಿಯಲ್ಲಿ ತೀರಿಕೊಂಡರು.

ಆ ಆದಿತ್ಯವಾರ ಊಟ ಮುಗಿದು, ಎಲ್ಲರೂ ಕೈತೊಳೆದು ಚಾವಡಿಯಲ್ಲಿ ಕುಳಿತಾಗ, ತ್ಯಾಂಪಣ್ಣ ರೈಗಳು ಮಾತ್ರ ಬಿಡಲಾರದೆ ಕೇಳಿದ್ದರು. ಸ್ವರದಲ್ಲಿ ಜಗಳಕ್ಕಿಂತ ಬೇಡಿಕೆಯೇ ಹೆಚ್ಚಿತ್ತು.

"ಅದೆಲ್ಲ ಇರಲಿ ಗೌಡ್ರೆ. ಒಟ್ಟು ಎಷ್ಟು ಜನಕ್ಕೆ ಹೊಡೆದಿರಿ, ಅದೊಂದು ಸರಿಯಾಗಿ ಹೇಳಿಬಿಡಿ."

ಗೌಡರು ಅಂಗಳದ ಬದಿಯಲ್ಲಿ ಪಾತ್ರೆ ಉಜ್ಜುತ್ತಿದ್ದರು. ತಲೆ ಎತ್ತಲಿಲ್ಲ.

"ಹೊಡೆದದ್ದು ಇಲ್ಲ ರೈಗಳೇ, ಬಡಿಸಿದ್ದು ಉಂಟು. ಒಂದು ಹೊತ್ತಿಗೆ ಇನ್ನೂರ ಹದಿನಾರು ಜನಕ್ಕೆ."