ಹೊಂದಾಣಿಕೆ ಮೇಜರರ ಹಿತ್ತಾಳೆ ಬಳೆ

ನಮ್ಮ ಸೈನ್ಯಕ್ಕೂ ಮಿತ್ರದೇಶಗಳ ಸೈನ್ಯಕ್ಕೂ ತಾಳಮೇಳ ಕೂಡಿಸುವುದೇ ಈ ಹೊಂದಾಣಿಕೆ ಮೇಜರರ ಉದ್ಯೋಗ. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಪ್ಲಗ್ ಪಾಯಿಂಟಿನಲ್ಲಿ ಎಷ್ಟು ತೂತಿವೆಯೆಂದು ಎಣಿಸಿ, ಆಮೇಲೆ ಕ್ಷೇಮ ವಿಚಾರಿಸುತ್ತಾರೆ. ಮಗಳ ಮದುವೆಯಲ್ಲಿ ಬೀಗರನ್ನೂ ಮಿತ್ರಪಡೆಯೆಂದೇ ಬಗೆದು ಹನ್ನೆರಡು ಪುಟದ ಜಂಟಿ ಕಾರ್ಯಸೂಚಿ ಕೊಟ್ಟವರು. "ಬೀಗರೇ, ಮೊದಲು ಪದಗಳು ಒಂದಾಗ್ಬೇಕು. ನೀವು ‘ಇನ್ನೇನು ಹೊರಟ್ವಿ’ ಅಂದ್ರೆ ಎಷ್ಟು ನಿಮಿಷ?" ಬೀಗರು ತಲೆ ಕೆರೆದುಕೊಂಡು, "ಅದು ನಮ್ಮವಳು ಕನ್ನಡಿ ಬಿಟ್ಟು ಬರೋದರ ಮೇಲಿದೆ" ಎಂದರೆ, ಮೇಜರರು ಗಂಭೀರವಾಗಿ ‘ಅನಿಶ್ಚಿತ’ ಎಂದು ಬರೆದುಕೊಂಡರು. "ರೀ, ಸಿದ್ಧಾಂತ ಆಮೇಲೆ, ಮೊದಲು ಈ ಕುಕ್ಕರ್ ಮುಚ್ಚಳ ಹಾಕ್ಕೊಡಿ" ಎಂದು ಹೆಂಡತಿ ಕೂಗಿದರೆ, ಮುಚ್ಚಳಕ್ಕೂ ಪಾತ್ರೆಗೂ ಅರ್ಧ ಗಂಟೆ ಮಾತುಕತೆ ನಡೆಯುತ್ತದೆ. ಜೇಬಿನಲ್ಲಿ ಸದಾ ಒಂದು ಹಿತ್ತಾಳೆ ಬಳೆ, ಎರಡು ಅಳತೆಯ ಪೈಪುಗಳನ್ನು ಕೂಡಿಸುವಂಥದು. ಅದಕ್ಕೂ ನಗುತ್ತಿದ್ದೆವು, ಒಂದು ದಿನ ಅವರ ಹೆಂಡತಿ ಹೇಳುವವರೆಗೆ. ಹಿಂದೊಮ್ಮೆ ಜಂಟಿ ಕವಾಯತಿನಲ್ಲಿ ಡೇರೆಗೆ ಬೆಂಕಿ ಬಿದ್ದಾಗ ಮಿತ್ರರ ನೀರಿನ ಗಾಡಿ ನಾಲ್ಕೇ ನಿಮಿಷಕ್ಕೆ ಓಡಿಬಂದಿತ್ತಂತೆ. ಅವರ ಪೈಪು ಮಾತ್ರ ನಮ್ಮ ಪಂಪಿನ ಬಾಯಿಗೆ ಕೂರಲಿಲ್ಲವಂತೆ. ಒಳಗಿದ್ದ ಏಳು ಜನ ಹೊರಬರುವವರೆಗೂ ಎರಡೂ ಬಾಯಿಗಳನ್ನು ಬರಿಗೈಯಲ್ಲಿ ಒತ್ತಿ ಹಿಡಿದು, ಆ ಬಳೆಯಾಗಿ ನಿಂತವರು ಇವರೇ.