ಮುಟ್ಟದ ಉಪ್ಪು

೧೯೮೧ನೆಯ ಇಸವಿ, ಫೆಬ್ರವರಿ ೯, ಸೋಮವಾರ. ರೌದ್ರಿ ಸಂವತ್ಸರದ ಮಾಘ ಮಾಸ, ಶಿಶಿರ ಋತು. ಬೆಳಗಿನ ಏಳೂವರೆಯಾದರೂ ಹುಣಸಮಾರನಹಳ್ಳಿಯ ಮೇಲಿನ ಮಂಜು ಕರಗಿರಲಿಲ್ಲ. ದ್ರಾಕ್ಷಿ ಚಪ್ಪರದ ಕಲ್ಲುಕಂಬಗಳು ಹತ್ತು ಮಾರು ಆಚೆಗೆ ಕಾಣಿಸುತ್ತಿರಲಿಲ್ಲ. ಆ ಮಂಜಿನೊಳಗೆ ಗಂಗರತ್ನಮ್ಮ ಚಾಪೆ, ಕಂಬಳಿ, ಅಲ್ಯೂಮಿನಿಯಂ ತಟ್ಟೆಗಳನ್ನು ಹಿಡಿದು ತೋಟದ ಮೂಲೆಯಲ್ಲಿದ್ದ ಹಳೆಯ ಪಂಪ್‌ಸೆಟ್ ಮನೆಯ ಕಡೆಗೆ ನಡೆಯುತ್ತಿದ್ದಳು. ಹೊರಡುವಾಗ ಅತ್ತೆಗೆ ಹೇಳಿದ್ದು ಒಂದೇ ಮಾತು: "ಒರಗಾಗಿವ್ನಿ."

ಆ ಮಾತು ಸುಳ್ಳು. ಅವಳಿಗೆ ಮುಟ್ಟು ನಿಂತದ್ದು ೧೯೭೯ರ ಆಗಸ್ಟ್‌ನಲ್ಲಿ. ಅಲ್ಲಿಂದ ಇಲ್ಲಿಗೆ ಹದಿನೆಂಟು ತಿಂಗಳು.

ಮುಟ್ಟಾದ ಹೆಂಗಸು ಮೂರು ದಿನ ಯಾರನ್ನೂ ಮುಟ್ಟದೆ ಹೊರಗಿರಬೇಕು, ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು ಎಂಬುದು ಆ ಮನೆಯ ಕಟ್ಟುಪಾಡು. ೧೯೭೪ರಲ್ಲಿ ಮೋಟಾರನ್ನು ಹೊಸ ಬಾವಿಗೆ ಸಾಗಿಸಿದ ಮೇಲೆ ಬರಿದಾದ ಪಂಪ್‌ಸೆಟ್ ಮನೆ ಇದಕ್ಕೆಂದೇ ಮೀಸಲಾಯಿತು. ಉಳಿದ ಹೆಂಗಸರು ಅಲ್ಲಿಗೆ ಗೊಣಗುತ್ತ ಹೋಗುತ್ತಿದ್ದರು. ಗಂಗರತ್ನಮ್ಮ ಆ ದಿನಗಳಿಗಾಗಿ ಕಾಯುತ್ತಿದ್ದಳು.

ಮನೆಯಲ್ಲಿದ್ದವರು ಇಪ್ಪತ್ತೊಂದು ಜನ, ಅವಳು ಹಿರಿಸೊಸೆ. ಅಕ್ಕ, ಅತ್ತಿಗೆ, ದೊಡ್ಡಮ್ಮ, ಗಂಗಾ ಎಂದು ಎಲ್ಲ ಮೂಲೆಗಳಿಂದಲೂ ಅವಳನ್ನೇ ಕರೆಯುವರು. ಒಂದು ದಿನ ಎಣಿಸಿ ನೋಡಿದಳು: ಮಧ್ಯಾಹ್ನದ ಊಟದೊಳಗೆ ಅರವತ್ತನಾಲ್ಕು ಸಲ. ಪಂಪ್‌ಸೆಟ್ ಮನೆಯಲ್ಲಿ ಅವಳು ಏನನ್ನೂ ಮಾಡುತ್ತಿರಲಿಲ್ಲ. ಒಡೆದ ಹೆಂಚಿನಿಂದ ಬಿದ್ದ ಬಿಸಿಲಿನ ತುಣುಕು ನೆಲದ ಮೇಲೆ ಪಡುವಣದಿಂದ ಮೂಡಣಕ್ಕೆ ಸರಿಯುವುದನ್ನು ನೋಡುತ್ತ ಕೂತಿರುವಳು. ಎರಡನೆಯ ದಿನದ ಹೊತ್ತಿಗೆ ತನ್ನ ಉಸಿರು ತನಗೇ ಕೇಳಿಸುವುದು.

ಮುಟ್ಟು ನಿಂತಾಗ ಅವಳಿಗೆ ಅಳು ಬಂದದ್ದು ಈ ಮೂರು ದಿನಗಳಿಗಾಗಿ. ಮುಂದಿನ ತಿಂಗಳು ಬಾಯಿ ತಾನಾಗಿ ಸುಳ್ಳು ಹೇಳಿತು. ನಿಜವಾದ ಮುಟ್ಟು ಒಂದೆರಡು ದಿನ ಹಿಂದುಮುಂದಾಗುತ್ತಿತ್ತು. ಸುಳ್ಳು ಮಾತ್ರ ಸರಿಯಾಗಿ ಇಪ್ಪತ್ತೆಂಟು ದಿನಕ್ಕೊಮ್ಮೆ ಬಂತು, ಒಮ್ಮೆಯೂ ತಪ್ಪಲಿಲ್ಲ. ಆದರೆ ಇದು ದ್ರಾಕ್ಷಿ ಕೊಯ್ಲಿನ ಕಾಲ. ತನ್ನ ಪಾಲಿನ ಕೆಲಸವನ್ನೂ ಓರಗಿತ್ತಿ ದ್ರೌಪದಮ್ಮ ಮಾಡುತ್ತಿದ್ದಾಳೆ ಎಂಬುದು ನೆನಪಾದಾಗಲೆಲ್ಲ ಗಂಗರತ್ನಮ್ಮನಿಗೆ ಚಾಪೆ ಚುಚ್ಚುತ್ತಿತ್ತು.

ಮರುದಿನ, ಮಂಗಳವಾರ, ಹನ್ನೊಂದು ಗಂಟೆಯ ಸುಮಾರಿಗೆ ದ್ರೌಪದಮ್ಮ ಓಡಿಬಂದಳು.

"ಅಕ್ಕ, ಅತ್ತೆ ಒಲೆ ತಾವ ಬಿದ್ಬಿಟ್ರು. ಕಣ್ಣು ಕತ್ಲೆ ಬಂತಂತೆ."

ಗಂಗರತ್ನಮ್ಮ ಓಡಿದಳು, ಅಂಗಳದ ಅಂಚಿಗೆ ಬಂದವಳು ಅಲ್ಲೇ ನಿಂತಳು. ಎಪ್ಪತ್ನಾಲ್ಕು ವರ್ಷದ ಅತ್ತೆ ಸೊಣ್ಣಮ್ಮ ಜಗಲಿಯ ಮೇಲೆ ಮಲಗಿದ್ದಳು. ಸೊಸೆಯನ್ನು ಕಂಡು ಕೈಯೆತ್ತಿ ತಡೆದಳು.

"ಅಲ್ಲೇ ಇರು, ಮುಟ್ಬ್ಯಾಡ. ಮೊದ್ಲೇ ರಕ್ತ ಇಲ್ದೋಳು ನೀನು. ಓಗಿ ಮಲಿಕ್ಕೊ."

ಎತ್ತಿ ಕೂರಿಸಲು ಯಾವ ಅಡ್ಡಿಯೂ ಇಲ್ಲದ ಎರಡು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಗಂಗರತ್ನಮ್ಮ ಹಿಂತಿರುಗಿದಳು. ಆ ದಿನ ಹೆಂಚಿನ ಬಿಸಿಲು ಎತ್ತ ಸರಿಯಿತೋ ಅವಳು ನೋಡಲಿಲ್ಲ.

ಫೆಬ್ರವರಿ ೧೩, ಶುಕ್ರವಾರ, ಅತ್ತೆಯನ್ನು ಬಸ್ಸಿನಲ್ಲಿ ಯಲಹಂಕದ ಡಾಕ್ಟರ ಷಾಪಿಗೆ ಕರೆದೊಯ್ದಳು. ಹಿಂದಿನ ವರ್ಷದ ಗೌರಿಹಬ್ಬದಿಂದ ಸೊಣ್ಣಮ್ಮ ಉಪ್ಪು ತಿನ್ನುತ್ತಿರಲಿಲ್ಲ. ಬಿಪಿ ಇದೆ, ಡಾಕ್ಟರೇ ಬೇಡವೆಂದಿದ್ದಾರೆ ಎನ್ನುತ್ತಿದ್ದಳು. ಉಪ್ಪು ಹಾಕುವ ಮೊದಲು ಅವಳ ಪಾಲಿನ ಸಾರನ್ನು ದಿನವೂ ಬೇರೆ ತೆಗೆದಿಡುತ್ತಿದ್ದವಳು ಗಂಗರತ್ನಮ್ಮನೇ. ಡಾಕ್ಟರು ನೋಡಿದ ಮೇಲೆ ಕಾಂಪೌಂಡರ್ ಅನ್ವರ್ ಮಾತ್ರೆ ಕಟ್ಟಿಕೊಡುತ್ತ ನಕ್ಕ.

"ಏನಜ್ಜಿ, ನಿಮ್ಗೆ ಬಿಪಿ ಜಾಸ್ತಿ ಅಂದಿದ್ ಯಾರು? ಇರೋದೇ ಕಮ್ಮಿ. ಉಪ್ಪು ಬಿಟ್ಟಿದ್ದಕ್ಕೇ ಈ ತಲೆಸುತ್ತು ಅಂತವ್ರೆ ಡಾಕ್ಟ್ರು. ಅವ್ರು ಯಾವತ್ತು ಬಿಡಿ ಅಂದಿದ್ರು?"

ಸೊಣ್ಣಮ್ಮ ಮಾತ್ರೆಯ ಪೊಟ್ಟಣವನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊರಗೆ ನಡೆದಳು. ಬಸ್ ಸ್ಟಾಪಿನ ಹೊಂಗೆಮರದ ಕೆಳಗೆ ಕೂತ ಮೇಲೆ ಸೊಸೆ ಬಿಡದೆ ಕೇಳಿದಳು.

"ಡಾಕ್ಟ್ರು ಏಳಿಲ್ಲ ಕಣವ್ವ. ಮುನೇಶ್ವರಂಗೆ ಅರಕೆ ಒತ್ತಿವ್ನಿ. ನಿನ್ನ ಮುಟ್ಟು ನಿಲ್ಲೋಗಂಟ ನಾನು ಉಪ್ಪು ಮುಟ್ಟಾಕಿಲ್ಲ."

"ನಂಗೇನಾಗೈತೆ ಅತ್ತೆ?"

"ನಲವತ್ತೇಳಾದ್ರೂ ಒಂದು ತಿಂಗ್ಳು ತಪ್ಪಿಲ್ಲ, ಒಂದು ದಿನ ಆಚೀಚೆ ಇಲ್ಲ. ನನ್ ತಂಗಿ ಅಕ್ಕಯ್ಯಮ್ಮಂಗೂ ಇಂಗೇ ನಿಲ್ದೆ ನಿಲ್ದೆ, ಬಿಳಿಚ್ಕೊಂಡು ಸತ್ಲು. ನಿನ್ನೂ ಅಂಗೇ ಕಳಕೊಳ್ಳಾನ?" ಸೊಸೆಯ ಮುಖ ಕಂಡು ಮುದುಕಿ ಮಾತು ತಿರುಗಿಸಿದಳು. "ನಂಗೇನ್ ಕಷ್ಟ ಇಲ್ಲ ಬಿಡು. ನಿನ್ ಸಾರಿಗೆ ಉಪ್ಪಿದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ."

ನಿಜ ಗಂಗರತ್ನಮ್ಮನ ಗಂಟಲವರೆಗೆ ಬಂತು. ಅಷ್ಟರಲ್ಲಿ ಬಸ್ಸೂ ಬಂತು.

ಮಾರ್ಚ್ ೯, ಸೋಮವಾರ. ಅವಳು ಚಾಪೆ ತೆಗೆಯಲಿಲ್ಲ. "ಈ ತಿಂಗ್ಳು ಆಗ್ಲಿಲ್ಲ ಅತ್ತೆ. ನಿಂತೋಯ್ತು. ಇವತ್ತೇ ಉಪ್ಪು ತಿನ್ನಿ" ಎಂದಳು.

"ಒಂದ್ ತಿಂಗ್ಳು ನೋಡ್ಬುಟ್ಟು ದೇವ್ರಿಗೆ ಸುಳ್ಳೇಳಕಾಯ್ತದಾ? ಇನ್ನೂ ಮೂರು ತಿಂಗ್ಳು ನೋಡಾನ."

ನಿಜ ಹೇಳಿದ್ದರೆ ಹರಕೆ ಅಂದೇ ಮುಗಿಯುತ್ತಿತ್ತು. ಮಾರ್ಚ್ ೨೨ರಂದು ಒಮ್ಮೆ, ಏಪ್ರಿಲ್ ೧೬ರಂದು ಇನ್ನೊಮ್ಮೆ, ಹೇಳಿಬಿಡಬೇಕೆಂದೇ ಗಂಗರತ್ನಮ್ಮ ಅತ್ತೆಯ ಪಕ್ಕದಲ್ಲಿ ಕೂತಳು. ಎರಡು ಸಲವೂ ಯಾರೋ ಒಳಗಿನಿಂದ ಕೂಗಿದರು. ಎರಡು ಸಲವೂ ಅವಳು ಎದ್ದುಹೋದಳು. ತಪ್ಪೊಪ್ಪಿಕೊಳ್ಳುವುದಕ್ಕೂ ಆ ಮನೆಯಲ್ಲಿ ಏಕಾಂತವಿಲ್ಲವೆಂದು ತನಗೆ ತಾನೇ ಹೇಳಿಕೊಂಡಳು. ಅದು ನೆಪವೆಂಬುದು ಅವಳಿಗೆ ಗೊತ್ತಿತ್ತು. ಹೇಳಿದರೆ ಅತ್ತೆ ಬೈಯುವಳೆಂಬ ಭಯ ಅವಳಿಗಿರಲಿಲ್ಲ. "ನಮ್ಮನ್ನೆಲ್ಲ ಬಿಟ್ಟು ದೂರ ಕೂರಬೇಕು ಅಂತ ಅಷ್ಟೊಂದು ಆಸೆ ಇತ್ತಾ ನಿಂಗೆ?" ಎಂದು ಕೇಳಿದರೆ ಇಲ್ಲವೆನ್ನಲು ಆಗುತ್ತಿರಲಿಲ್ಲ. ಹೀಗೆ ಇನ್ನೂ ಎಂಬತ್ತನಾಲ್ಕು ದಿನ ಸಪ್ಪೆ ಸಾರನ್ನು ತನ್ನ ಕೈಯಾರೆ ಬಡಿಸಿದಳು.

ಜೂನ್ ೧, ಸೋಮವಾರ, ಮುನೇಶ್ವರನಿಗೆ ಹಣ್ಣುಕಾಯಿ ಮಾಡಿಸಿ ಬಂದು ಸೊಣ್ಣಮ್ಮ ಊಟಕ್ಕೆ ಕೂತಳು. ಗಂಗರತ್ನಮ್ಮ ಎಲ್ಲರಿಗೂ ಮಾಡಿದ ಸಾರನ್ನೇ ಬಡಿಸಿದಳು. ಮುದುಕಿ ಒಂದು ತುತ್ತು ಮುದ್ದೆ ನುಂಗಿ ಮುಖ ಕಿವುಚಿದಳು.

"ಉಪ್ಪು ಜಾಸ್ತಿಯಾಯ್ತು ಕಣೆ ಗಂಗಾ."

ಉಳಿದವರೆಲ್ಲ ಹದವಾಗಿದೆ ಎಂದರು. ಗಂಗರತ್ನಮ್ಮ ನೀರು ತರುವವಳಂತೆ ಎದ್ದು ಹಿತ್ತಿಲಿಗೆ ಹೋದಳು.

ಆಮೇಲೆ ನಡೆದದ್ದು: ಸೊಣ್ಣಮ್ಮನಿಗೆ ಮತ್ತೆ ತಲೆಸುತ್ತು ಬರಲಿಲ್ಲ. ಅವಳು ತೀರಿಕೊಂಡದ್ದು ೧೯೮೪ರ ನವೆಂಬರ್ ೨೭, ಮಂಗಳವಾರ. ಸೊಸೆಯ ಸುಳ್ಳು ಅವಳಿಗೆ ತಿಳಿಯಲಿಲ್ಲ. ಪಂಪ್‌ಸೆಟ್ ಮನೆಯನ್ನು ೧೯೮೬ರ ಮೇ ೧೨ರಂದು ಕೆಡವಿದರು; ಅದರ ಕಲ್ಲುಗಳು ಹೊಸ ದನದ ಕೊಟ್ಟಿಗೆಗೆ ಹೋದವು. ೧೯೮೪ರ ಡಿಸೆಂಬರ್ ೩ರಿಂದ ಗಂಗರತ್ನಮ್ಮ ಸೋಮವಾರಗಳಲ್ಲಿ ಉಪ್ಪು ಬಿಟ್ಟಳು. ಮನೆಯವರು ಕೇಳಿದಾಗ ಬಿಪಿ ಎಂದಳು. ೧೯೮೯ರ ಜನವರಿಯಲ್ಲಿ ದ್ರೌಪದಮ್ಮನಿಗೊಬ್ಬಳಿಗೆ ನಿಜ ಹೇಳಿದಳು. ದ್ರೌಪದಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಸೋಮವಾರ; ಅಂದಿನಿಂದ ಪ್ರತಿ ಸೋಮವಾರ ಗಂಗರತ್ನಮ್ಮನ ಪಾಲಿನ ಸಪ್ಪೆ ಸಾರನ್ನು ಬೇರೆ ತೆಗೆದಿಡತೊಡಗಿದಳು.