ಗೂಢಚಾರನು ಹಿಂದಿರುಗಿಸಿದ ದೋಣಿ

ಮಾನ್ಯ ಓದುಗ ಮಿತ್ರರೇ,

ಆ ಪುಸ್ತಕದ ಹೊದಿಕೆಯ ಮೇಲೆ ಪಿಸ್ತೂಲು ಹಿಡಿದು ನಿಂತಿದ್ದ ಗೂಢಚಾರನ ಎಡಗೆನ್ನೆಗೆ ನಮ್ಮ ಕಾರ್ಖಾನೆಯ ಕ್ಯಾಂಟೀನಿನ ಸಾಂಬಾರು ತಗುಲಿದ್ದು, ತತ್ಪರಿಣಾಮವಾಗಿ ಅವನು ಜಗತ್ತನ್ನು ಉಳಿಸಲು ಹೊರಟವನಂತೆ ತೋರದೆ ಊಟದ ಮಧ್ಯದಲ್ಲಿ ಎದ್ದುಬಂದವನಂತೆ ಕಾಣುತ್ತಿದ್ದನೆಂಬ ಅಂಶವನ್ನು ಮೊದಲಿಗೆ ತಮ್ಮ ಅವಗಾಹನೆಗೆ ತರಬಯಸುತ್ತೇನೆ. ಟೈಮ್ ಆಫೀಸಿನಲ್ಲಿ ಕುಳಿತು ತಡವಾಗಿ ಬಂದವರಿಗೆ ಜ್ಞಾಪನಗಳನ್ನು ಬರೆದು ಪಳಗಿದ ಕೈ ನನ್ನದು. ನಡುನಡುವೆ ಒಂದೆರಡು ‘ಸದರಿ’ಗಳು ನುಸುಳಿದಲ್ಲಿ ಸ್ನೇಹಿತರು ಮನ್ನಿಸಬೇಕಾಗಿ ಕೋರಿಕೆ.

ವಿಷಯ ಇಷ್ಟೇ. ಗೂಢಚಾರರ ಸಿನಿಮಾಗಳನ್ನು ಕಾದಂಬರಿ ಮಾಡಬೇಕೇ, ಬೇಡವೇ?

ಬೇಡವೆನ್ನಲು ಕಾರಣಗಳು ಹೇರಳವಾಗಿವೆ. ತೆರೆಯ ಮೇಲೆ ಕಾರೊಂದು ಮುರಿದ ಸೇತುವೆಯ ಆಚೆ ತುದಿಯಿಂದ ಈಚೆ ತುದಿಗೆ ಹಾರಿಬರುವಷ್ಟರಲ್ಲಿ ನಾವು ಬಾಯೊಳಗಿನ ಕಡಲೆಕಾಯಿಯನ್ನೂ ಅಗಿದು ಮುಗಿಸಿರುವುದಿಲ್ಲ. ಕಾದಂಬರಿಯಲ್ಲಾದರೋ ಪುಟದ ಮೇಲೆ ಪುಟ ತಿರುವಿದರೂ ಕಾರು ಇನ್ನೂ ಗಾಳಿಯಲ್ಲೇ ಇದ್ದು, ಒಳಗೆ ಕುಳಿತ ಮಹಾಶಯನು ತನ್ನ ಬಾಲ್ಯವನ್ನೂ ಕೈಕೊಟ್ಟ ಪ್ರೇಯಸಿಯನ್ನೂ ಸವಿಸ್ತಾರವಾಗಿ ಸ್ಮರಿಸುತ್ತಿರುತ್ತಾನೆ. ಯೋಚನೆಯೆಂಬ ದುಶ್ಚಟವೇ ಇಲ್ಲದೆ ತೆರೆಯ ಮೇಲೆ ಸುಖವಾಗಿದ್ದವನಿಗೆ ಅದನ್ನು ಕಲಿಸಿ ಕೆಡಿಸಿದ ಪಾಪ ಆ ಲೇಖಕನದು. ಆದರೆ ಬೇಕೆನ್ನಲೂ ಕಾರಣವಿಲ್ಲದಿಲ್ಲ. ಸದರಿ ಗೂಢಚಾರನಿಗೆ ರಜೆ ಮಂಜೂರು ಮಾಡುವವರು ಯಾರು, ಸಮುದ್ರದಲ್ಲಿ ಮುಳುಗಿ ಎದ್ದವನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟ ಪುಣ್ಯಾತ್ಮ ಯಾರು, ಹಾಜರಿ ಹಾಕದೆ ದೇಶದೇಶ ಅಲೆಯುವವನಿಗೆ ಸಂಬಳ ಹೇಗೆ ಬಟವಾಡೆಯಾಗುತ್ತದೆ ಎಂಬ ವಿಚಾರಗಳಲ್ಲಿ ಸಿನಿಮಾ ತುಟಿ ಬಿಚ್ಚುವುದಿಲ್ಲ. ಪುಸ್ತಕವಾದರೂ ಬಿಚ್ಚೀತೆಂದು ನಾನು ಆಸೆಪಟ್ಟದ್ದುಂಟು.

ತೊಂಬತ್ತರ ದಶಕದ ನಡುವಿನಲ್ಲಿ ಈ ಪ್ರಶ್ನೆ ನಮ್ಮ ಕ್ಯಾಂಟೀನಿನಲ್ಲಿ ಒಬ್ಬ ಮನುಷ್ಯನ ಮಾನದ ಪ್ರಶ್ನೆಯಾಗಿ ಎದ್ದು ನಿಂತಿತು. ಆತನ ಹೆಸರು ಬಸವರಾಜ. ರಾಯಚೂರು ಕಡೆಯಿಂದ ಬಂದು, ಟಿನ್ ಫ್ಯಾಕ್ಟರಿಯ ಹಿಂದೆ ಬಾಡಿಗೆ ಕೋಣೆ ಹಿಡಿದು, ಗರುಡಾಚಾರ್‌ಪಾಳ್ಯದ ನಮ್ಮ ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದವನು. ಸೇರಿದ ದಿನ ‘ಕುಡಿಯೋ ನೀರು ಎಲ್ಲಿ ಅದಾವ್ರಿ?’ ಎಂದು ಕೇಳಿದ್ದೇ ತಪ್ಪಾಗಿ, ‘ಅದಾವ್ರಿ’ ಎಂಬುದೇ ಆತನ ಹೆಸರಾಯಿತು. ಆತ ಬಾಯಿ ತೆರೆದರೆ ಸಾಕು, ಬೆಂಚಿನ ಆ ತುದಿಯಿಂದ ಯಾರಾದರೊಬ್ಬರು ಅಣಕಿಸುತ್ತಿದ್ದರು. ಅಣಕಿನ ಮುಂದಾಳು ಸ್ಟೋರ್ಸಿನ ಆರೋಗ್ಯಸ್ವಾಮಿ, ಹಲಸೂರಿನವನು.

ಎರಡನೇ ಪಾಳಿಯ ದಿನಗಳಲ್ಲಿ ನಾನೂ ಬಸವರಾಜನೂ ದಂಡು ಪ್ರದೇಶದ ಥಿಯೇಟರೊಂದಕ್ಕೆ ಬೆಳಗಿನ ಆಟಕ್ಕೆ ಹೋಗುವುದು ರೂಢಿಯಾಯಿತು. ಆದರೆ ಕಂಪನಿಯ ಬಸ್ಸು ಹಲಸೂರನ್ನು ಬಿಡುವ ಹೊತ್ತಿಗೂ ಇಂಗ್ಲಿಷ್ ಸಿನಿಮಾ ಮುಗಿಯುವ ಹೊತ್ತಿಗೂ ಎಂದೂ ಹೊಂದಾಣಿಕೆಯಾಗಲಿಲ್ಲ. ನಾಯಕನು ಖಳನ ಗುಹೆಯನ್ನು ಹೊಕ್ಕನೋ ಇಲ್ಲವೋ, ನಾವು ಕುಳಿತವರ ಮೊಣಕಾಲುಗಳನ್ನು ದಾಟಿ, ಬೈಸಿಕೊಂಡು, ಹೊರಗೆ ಓಡಬೇಕು. ಹೀಗೆ ನಮ್ಮ ಪಾಲಿಗೆ ಜಗತ್ತು ಒಮ್ಮೆಯೂ ಉಳಿಯಲಿಲ್ಲ.

ಅದನ್ನು ಉಳಿಸುತ್ತಿದ್ದವನು ಬಸವರಾಜ. ಸಂಜೆಯ ಊಟದ ಬಿಡುವಿನಲ್ಲಿ ಕತೆ ಹೇಳಲು ಕುಳಿತನೆಂದರೆ, ನೋಡಿದ್ದನ್ನು ನೋಡಿದಂತೆಯೂ ನೋಡದಿದ್ದನ್ನು ಇನ್ನೂ ಸೊಗಸಾಗಿಯೂ ಹೇಳಿಬಿಡುತ್ತಿದ್ದ. ಕೇಳುವವರಿಗೆ ಆತ ಅರ್ಧಕ್ಕೇ ಎದ್ದುಬಂದವನೆಂಬ ಸಂಗತಿ ತಿಳಿಯದು. ಆ ಕತೆಗಳ ದೆಸೆಯಿಂದಲೇ ‘ಅದಾವ್ರಿ’ ಮೆಲ್ಲನೆ ‘ಬಸವರಾಜಣ್ಣ’ನಾಗಿ, ಬೆಂಚಿನ ತುದಿಯಿಂದ ನಡುವಿಗೆ ಬಂದ.

ಆ ಸಲದ ಚಿತ್ರದಲ್ಲಿ ಗೂಢಚಾರನು ಬಡ ಮೀನುಗಾರ ಮುದುಕನೊಬ್ಬನ ದೋಣಿಯನ್ನು ಕಸಿದುಕೊಂಡು ಹೋಗುತ್ತಾನೆ. ದೋಣಿ ಗುಂಡೇಟಿಗೆ ಸಿಡಿದು ಚೂರಾಗುತ್ತದೆ. ಮುದುಕ ದಡದಲ್ಲಿ ತಲೆಯ ಮೇಲೆ ಕೈಹೊತ್ತು ನಿಲ್ಲುತ್ತಾನೆ. ಅಲ್ಲಿಂದ ಸ್ವಲ್ಪ ಹೊತ್ತಿಗೆ ನಾವು ಎದ್ದೆವು.

ಸಂಜೆ ಬಸವರಾಜ ಹೇಳಿದ ಕೊನೆ ಹೀಗಿತ್ತು: “ರಾಣಿಯಾಕಿ ಮೆಡಲ್ ತಗೊಂಡು ನಿಂತಾಳ್ರಿ. ಅಂವ ಏನಂದ ಗೊತ್ತದೇನು? ‘ಮೆಡಲ್ ಒಯ್ದು ಏನ್ ಮಾಡ್ಲಿ ತಾಯಿ, ಮೊದ್ಲು ಆ ಮುದುಕಂದು ದೋಣಿ ಕೊಡ್ರಿ’ ಅಂದ. ತಾನ ಹುಟ್ಟು ಹಾಕ್ಕೋತ ಹೋಗಿ, ದಂಡಿಗಿ ನಿಂತು, ಹಗ್ಗ ಮುದುಕನ ಕೈಯಾಗ ಕೊಟ್ಟ. ಮಾತಿಲ್ಲ, ಕತಿ ಇಲ್ಲ. ಹಂಗ ಹೊಂಟ.”

ಕ್ಯಾಂಟೀನೇ ತಲೆದೂಗಿತು. ಆರೋಗ್ಯಸ್ವಾಮಿ ಒಬ್ಬ ಮಾತ್ರ ಗುರುಗುಟ್ಟಿದ. “ಇಂಗ್ಲಿಷ್ ಪಿಕ್ಚರಲ್ಲಿ ಯಾವನ್ ಗುರು ದೋಣಿ ವಾಪಸ್ ಕೊಡ್ತಾನೆ? ಯಾರ್ ಕಿವಿಗೆ ಹೂವ ಇಡ್ತೀಯಾ?”

ಮರುವಾರವೇ ಆತ ಶಿವಾಜಿನಗರದ ಫುಟ್‌ಪಾತಿನಿಂದ ಮೇಲ್ಕಂಡ ಪುಸ್ತಕವನ್ನು ಹುಡುಕಿ ತಂದು, ನನ್ನ ಸಾಂಬಾರಿನ ಬಟ್ಟಲಿನ ಮೇಲೆಯೇ ಇಟ್ಟ. “ಸಾರ್, ಅದೇ ಪಿಕ್ಚರ್‌ದು ಬುಕ್ಕು. ಕಡೇ ಚಾಪ್ಟರ್ ಓದ್ಬಿಟ್ಟು ಕನ್ನಡದಲ್ಲಿ ಹೇಳಿ. ಇವತ್ತು ರಾಯಚೂರ್ ಬಂಡವಾಳ ಎಲ್ರಿಗೂ ಗೊತ್ತಾಗ್ಲಿ.”

ಬಸವರಾಜ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ನನ್ನತ್ತ ನೋಡಲಿಲ್ಲ. ನೋಡಿದ್ದರೆ ನನಗೆ ಓದಲಾಗುತ್ತಿರಲಿಲ್ಲ. ಬೆಂಚಿನ ನಡುವಿನಿಂದ ತುದಿಗೆ ಎಷ್ಟು ದೂರವೆಂಬುದು ಆತನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕಡತದ ಸಾರಾಂಶ ಒಪ್ಪಿಸುವ ಧ್ವನಿಯಲ್ಲಿ ಓದಿ ಹೇಳಿದೆ. ಸದರಿ ಗೂಢಚಾರನು ಸದರಿ ದ್ವೀಪವನ್ನು ಸ್ಫೋಟಿಸಿ, ಸದರಿ ಯುವತಿಯನ್ನು ವಿಮಾನದಲ್ಲಿ ಕೂರಿಸಿಕೊಂಡು, ಚುಂಬನ ವಿನಿಮಯದ ಬಳಿಕ ಮದ್ಯವನ್ನು ಸೇವಿಸಿದನು. ಅಲ್ಲಿಗೆ ಮುಕ್ತಾಯ.

ಯಾರೂ ನಗಲಿಲ್ಲ. ಪಕ್ಕದಲ್ಲಿದ್ದ ವೆಲ್ಡರ್ ಕೇಳಿದ, “ಮತ್ತೆ ದೋಣಿ ಸಾರ್?”

ಪುಟಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿದೆ. “ದೋಣಿಯ ವಿಚಾರ ಇಲ್ಲಪ್ಪ.”

“ಆ ತಾತ ಏನಾದ?”

“ತಾತನೂ ಇಲ್ಲ.”

ಆರೋಗ್ಯಸ್ವಾಮಿ ಪುಸ್ತಕವನ್ನು ನನ್ನ ಕೈಯಿಂದ ಕಿತ್ತುಕೊಂಡು, ಓದಲು ಬಾರದ ಇಂಗ್ಲಿಷಿನ ಮೇಲೆ ಬೆರಳಾಡಿಸಿದ. ಮೋಸಹೋದವನು ಆತನೇ ಎಂಬಂತಿತ್ತು ಮುಖ. “ಥತ್, ಬರ್ದಿರೋನು ಪಿಕ್ಚರ್ ಪೂರ್ತಿ ನೋಡೇ ಇಲ್ಲ ಸಾರ್. ಬಸ್ಸಿಗೆ ಟೈಮಾಯ್ತು ಅಂತ ಎದ್ದು ಬಂದ್ಬಿಟ್ಟಿದಾನೆ.”

ಮಿತ್ರರೇ, ಆತನ ಊಹೆ ಹೆಚ್ಚು ತಪ್ಪಿರಲಿಲ್ಲವೆಂಬುದು ನನಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಚಿತ್ರ ತೆರೆಕಾಣುವ ಹೊತ್ತಿಗೇ ಪುಸ್ತಕವೂ ಅಂಗಡಿಗೆ ಬರಬೇಕಾದ್ದರಿಂದ, ಬರೆಯುವವನು ಬಹುತೇಕ ಚಿತ್ರವನ್ನು ನೋಡದೆಯೇ, ಕೈಗೆ ಸಿಕ್ಕ ಚಿತ್ರಕಥೆಯನ್ನಿಟ್ಟುಕೊಂಡೇ ಬರೆಯುತ್ತಾನಂತೆ. ಎದ್ದುಬಂದದ್ದು ತಪ್ಪಲ್ಲ. ಎದ್ದುಬಂದ ಮೇಲೆ ದಡದಲ್ಲಿ ನಿಂತವನನ್ನು ಮರೆತದ್ದು ತಪ್ಪು. ಸಿನಿಮಾಕ್ಕೆ ಓಡುವ ಅವಸರವಿದೆ, ಅದು ಮರೆತರೆ ಕ್ಷಮಿಸೋಣ; ಕುಳಿತು ಬರೆಯುವವನಿಗೆ ಯಾವ ಅವಸರ? ಆದಕಾರಣ ಗೂಢಚಾರರ ಸಿನಿಮಾಗಳನ್ನು ಅವಶ್ಯವಾಗಿ ಕಾದಂಬರಿ ಮಾಡತಕ್ಕದ್ದೆಂದೂ, ಹಾಗೆ ಮಾಡುವವನು ಒಡೆದ ದೋಣಿಗಳ ಬಗ್ಗೆ ಮೊದಲು ವಿಚಾರಿಸತಕ್ಕದ್ದೆಂದೂ ಶಿಫಾರಸು ಮಾಡುತ್ತೇನೆ.

ಅಂದು ಬಸವರಾಜ ತಲೆ ತಗ್ಗಿಸಿ ತಟ್ಟೆಗೇ ಹೇಳುವಂತೆ ಹೇಳಿದ, “ಖರೇ ಹೇಳ್ತೀನ್ರಿ. ನಾನೂ ಪೂರಾ ನೋಡಿಲ್ಲ. ನಡುವ ಎದ್ದು ಬಂದೀನಿ.”

“ಗೊತ್ತು ಮಗಾ,” ಎಂದ ಆರೋಗ್ಯಸ್ವಾಮಿ. “ಆಟ ಬಿಡೋಕ್ ಮುಂಚೇನೇ ಹಲಸೂರಲ್ಲಿ ಬಸ್ ಹತ್ತಿ ನನ್ ಪಕ್ಕಾನೇ ತಾನೇ ಕೂತ್ಕೊಂಡಿದ್ದು ನೀನು? ಟಿಕೆಟ್ ಚೂರು ಇನ್ನೂ ಜೇಬಲ್ಲೇ ಇತ್ತು.” ಪುಸ್ತಕವನ್ನು ಬೆಂಚಿನ ತುದಿಗೆ ತಳ್ಳಿ, ಒತ್ತರಿಸಿಕೊಂಡು ಹತ್ತಿರ ಬಂದ. “ಅದಿರ್ಲಿ. ಆ ಹೊಸ ದೋಣಿಗೆ ಯಾವ ಬಣ್ಣ ಹೊಡ್ಸಿದ್ದ? ಅದನ್ನ ಹೇಳ್ಲೇ ಇಲ್ವಲ್ಲ ನೀನು.”

ಬಸವರಾಜ ತಲೆಯೆತ್ತಿ, ಕ್ಯಾಂಟೀನಿನ ಗೋಡೆಯಾಚೆ ಎಲ್ಲೋ ನೋಡಿದ.

“ನೀಲಿ,” ಎಂದ. “ಇನ್ನಾ ಹಸೀ ಅದ. ಮುಟ್ಟಬ್ಯಾಡ್ರಿ.”